ಉಳಿದದ್ದು ನೋಡಿ

ತೊಂಬತ್ತರ ದಶಕದಲ್ಲಿ ನಂಜನಗೂಡಿನಲ್ಲಿ ನಮಗೆ ಸಸ್ಯಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರಿಗೆ ಬಣ್ಣದ ಮೇಲೆ ನಂಬಿಕೆಯೇ ಇರಲಿಲ್ಲ. ಮಳೆಗಾಲ ಮುಗಿಯುತ್ತಲೇ ಹೆಮ್ಮರಗಾಲದ ಬೀಳುಭೂಮಿಗೆ ನಮ್ಮನ್ನು ಕರೆದೊಯ್ಯುತ್ತಿದ್ದರು. ಅಲ್ಲಿ ಗೇಣುದ್ದದ ಕಾಡು ಅಗಸೆ ಗಿಡ ಹಳದಿ ಹೂಬಿಟ್ಟಿರುತ್ತಿತ್ತು. ಹಳದಿ ಕಂಡೊಡನೆ ನಾವು ಹೆಸರು ಕೂಗಿದರೆ ಗದರುತ್ತಿದ್ದರು.

"ಬಣ್ಣ ನೋಡಿ ಹೆಸ್ರು ಹೇಳ್ಬೇಡಿ ಕಣ್ರೋ. ತೋಟದಲ್ಲಿ ಬೆಳೆಸೋ ಹಳದಿ ಅಗಸೇನೂ ಹಿಂಗೇ ಕಾಣ್ತದೆ. ಹೂವಿನ ನಡುವೆ ಪುಟ್ಟ ಕಾಯಿ ಐತಲ್ಲ, ಅದರ ನೆತ್ತಿ ಮೇಲಿನ ಎಳೆ ಎಣಿಸಿ. ಐದಿದ್ರೆ ಇದು, ಮೂರ್ನಾಲ್ಕಿದ್ರೆ ಅದು."

ಮಧ್ಯಾಹ್ನಕ್ಕೆ ದಳಗಳೆಲ್ಲ ಉದುರಿಹೋಗುತ್ತಿದ್ದವು. ಆಗ ಮೇಷ್ಟ್ರು ಮಂಡಿಯೂರಿ ಕೂತು, "ದಳ ಹೋದ್ರೆ ಹೋಗ್ಲಿ, ಉಳಿದದ್ದು ನೋಡಿ," ಎನ್ನುತ್ತ ಎಲೆ, ಕಾಯಿ ತೋರಿಸುತ್ತಿದ್ದರು.

ಒಂದು ವರ್ಷ ಅವರ ತಮ್ಮ ಕಪಿಲೆಯಲ್ಲಿ ಈಜಲು ಹೋದವನು ಮರಳಲಿಲ್ಲ. ಕೆಲವು ದಿನಗಳ ಮೇಲೆ ತಿ. ನರಸೀಪುರದ ಸಂಗಮದ ಬಳಿ ಒಂದು ಹೆಣ ಸಿಕ್ಕಿತು. ಮೇಷ್ಟ್ರ ಜೊತೆ ನಾನೂ ಹೋದೆ. ಮುಖ ಗುರುತು ಸಿಗುವಂತಿರಲಿಲ್ಲ.

"ಹಳದಿ ಸರ್ಟು ಸಾ. ನಿಮ್ ತಮ್ನೇ ಅಲ್ವಾ?" ಎಂದ ಪೇದೆ.

"ಬಣ್ಣ ನೋಡಿ ಹೇಳ್ಬೇಡಿ," ಎಂದರು ಮೇಷ್ಟ್ರು.

ಮಂಡಿಯೂರಿ ಕೂತು, ಹೆಣದ ಎಡಗಾಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು. ಎರಡು ಬೆರಳು ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ಅವನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು.

"ಅವನೇ ಕಣಪ್ಪ," ಎಂದರು ಕೊನೆಗೆ.

ಮರುವರ್ಷವೂ ನಮ್ಮನ್ನು ಹೆಮ್ಮರಗಾಲಕ್ಕೆ ಕರೆದೊಯ್ದರು. ಎಂದಿನಂತೆ ಎಳೆ ಎಣಿಸಿದೆವು. ಬಿಸಿಲೇರುತ್ತಿದ್ದಂತೆ ಮೇಷ್ಟ್ರು ವಾಚು ನೋಡಿಕೊಂಡು, ದಳ ಉದುರುವ ಮೊದಲೇ ನಮ್ಮನ್ನೆಲ್ಲ ಬಸ್ಸಿಗೆ ಹೊರಡಿಸಿಬಿಟ್ಟರು.