ನೇತ್ರಾಳ ಫಾರಂ ನುಂಗಿದ ಮದುವೆ

ಹೊಳೆನರಸೀಪುರದ ಪೇಟೆಯಲ್ಲಿ ಒಂದು ಸೈಕಲ್ ಅಂಗಡಿ, ಅದರ ಮೇಲೊಂದು ಕೋಣೆ, ಕೋಣೆಯೊಳಗೆ ಒಂದು ಹಳೆಯ ಕಂಪ್ಯೂಟರ್ ಮತ್ತು ನೇತ್ರಾ. ಇಬ್ಬರಲ್ಲಿ ಬೇಗ ಬಿಸಿಯಾಗುವವರು ಯಾರು ಎಂದು ಬೀದಿಯವರನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಹಾಸನದ ಪ್ರೆಸ್ಸೊಂದರಲ್ಲಿ ವರ್ಷಗಟ್ಟಲೆ ಲಗ್ನಪತ್ರಿಕೆಗಳಿಗೆ ಅಕ್ಷರ ಜೋಡಿಸಿ, ಆಮೇಲೆ ತಾನೇ ಕಲಿತು ವೆಬ್‌ಸೈಟ್ ಮಾಡುವ ಕೆಲಸಕ್ಕೆ ಇಳಿದವಳು ಅವಳು. ಕೆಲಸ ಅಚ್ಚುಕಟ್ಟು, ಮಾತು ಖಾರ. ಇರುವುದು ಒಂದೇ ದೋಷ: ತಪ್ಪು ತನ್ನದೂ ಇರಬಹುದು ಎಂಬ ಯೋಚನೆಗೆ ಅವಳ ತಲೆಯಲ್ಲಿ ಪ್ರವೇಶವಿಲ್ಲ. ‘ಜನಕ್ಕೆ ಫಾರಂ ತುಂಬೋಕೆ ಬರಲ್ಲ’ ಎಂಬುದು ಅವಳ ವೇದವಾಕ್ಯ.

ಒಂದು ಬೆಳಿಗ್ಗೆ ಅಡುಗೆ ಗಂಗಾಧರಯ್ಯನವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ಎಲ್ಲಿ ಮದುವೆಯಾದರೂ ಅಡುಗೆಗೆ ಮೊದಲು ನೆನಪಾಗುವ ಹೆಸರು ಅವರದು. ಅವರಿಗೆ ನೇತ್ರಾ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಅದರಲ್ಲೊಂದು ಫಾರಂ: ಹೆಸರು, ಊರು, ಕಾರ್ಯದ ವಿವರ, ಫೋನ್ ನಂಬರು. ತುಂಬಿ ಒತ್ತಿದರೆ ಅಷ್ಟೂ ಗಂಗಾಧರಯ್ಯನವರ ಮೊಬೈಲಿಗೆ ಮೇಲ್ ಆಗಿ ಬರಬೇಕು.

‘ಏನವ್ವ ನೇತ್ರಾ, ನಿನ್ ಮೇಲು ಅರ್ಧ ಬತ್ತದೆ, ಅರ್ಧ ದಾರೀಲೇ ಉಳ್ಕತದೆ. ನೋಡಿಲ್ಲಿ, ಎಸ್ರು ಐತೆ, ಊರು ಐತೆ. ವಿವರ ಇಲ್ಲ, ನಂಬರಿಲ್ಲ. ನಾನು ಯಾರಿಗೆ ಫೋನ್ ಮಾಡ್ಲಿ, ಯಾರ ಮನೇಲಿ ಒಲೆ ಊಡ್ಲಿ?’

‘ಅವರು ಖಾಲಿ ಬಿಟ್ಟಿರ್ತಾರೆ ಅಣ್ಣ. ಜನಕ್ಕೆ ಫಾರಂ ತುಂಬೋಕೆ ಬರಲ್ಲ.’

‘ಖಾಲಿ ಬಿಟ್ರೆ ಮುಂದಕ್ಕೇ ಓಗಕಿಲ್ಲ, ಅಂಗ್ ಮಾಡಿವ್ನಿ ಅಂತ ನೀನೇ ಯೋಳಿದ್ದೆಯಲ್ಲವ್ವ.’

ಹೇಳಿದ್ದು ನಿಜ. ನೇತ್ರಾ ಫಾರಂ ತೆರೆದಳು. ‘ಟೆಸ್ಟ್’ ಎಂದು ಬರೆದು ಕಳಿಸಿದಳು, ಬಂತು. ‘ಅನ್ನ ಸಾರು’ ಎಂದು ಕಳಿಸಿದಳು, ಬಂತು. ಒಂದು ಮಾರುದ್ದದ ಊಟದ ಪಟ್ಟಿಯನ್ನೇ ತುಂಬಿ ಕಳಿಸಿದಳು, ಅದೂ ಕೊನೆಯ ತಾಂಬೂಲದವರೆಗೆ ಬಂತು. ಅವಳ ಮುಖದಲ್ಲಿ ಗೆಲುವು ಕಾಣಿಸಿಕೊಂಡಿತು.

‘ನೀನು ಕಳ್ಸುದ್ರೆ ಬತ್ತದೆ ಕಣವ್ವ. ಮದುವೆ ಮನೆಯೋರು ಕಳ್ಸುದ್ರೆ ಬರಕಿಲ್ಲ,’ ಎಂದರು ಗಂಗಾಧರಯ್ಯ. ಆಮೇಲೆ ದನಿ ತಗ್ಗಿಸಿದರು. ‘ಮಿಕ್ಕೋರೆಲ್ಲ ಕಾದು ಕಾದು ತಾವೇ ನನ್ನ ನಂಬರು ಉಡುಕಿ ಬೈದ್ರು, ಸರಿಯೋಯ್ತು. ಈ ಒಬ್ರು ಮಾತ್ರ ಬೈದೇ ಇಲ್ಲ. ಮಾದಮ್ಮ, ಕೊಣನೂರು. ಅಷ್ಟೇ ಬಂದಿರೋದು. ಒತ್ತಿದ ಮ್ಯಾಲೆ ಅಲ್ಲಿ ಏನಂತ ಕಾಣ್ತದೆ ಗೊತ್ತಲ್ಲ?’

ನೇತ್ರಾಳಿಗೆ ಗೊತ್ತಿತ್ತು. ‘ನಿಮ್ಮ ಕೋರಿಕೆ ತಲುಪಿದೆ. ನಿಶ್ಚಿಂತೆಯಿಂದಿರಿ, ನಾವೇ ಫೋನ್ ಮಾಡುತ್ತೇವೆ.’ ಗಂಗಾಧರಯ್ಯನವರೇ ಹೇಳಿ ಬರೆಸಿದ ಮಾತು.

‘ಆ ತಾಯಿ ನಿಶ್ಚಿಂತೆಯಿಂದ ಕೂತುಬುಟ್ಟಿದ್ರೆ ಏನವ್ವ ಗತಿ? ಧಾರೆ ಆಗಿ, ಗಂಡಿನ ಕಡೆಯೋರು ಪಂಕ್ತೀಲಿ ಕೂತ ಮ್ಯಾಲೆ ಅಡುಗೆಯೋನೇ ಬಂದಿಲ್ಲ ಅಂತ ಗೊತ್ತಾದ್ರೆ?’

ಬೇರೆ ಯಾವ ತಪ್ಪಿಗಾದರೂ ಕ್ಷಮೆ ಉಂಟು; ಮದುವೆ ಮನೆಯಲ್ಲಿ ಎಲೆ ಹಾಕಿ ಬಡಿಸದೆ ಹೋದದ್ದನ್ನು ನಮ್ಮ ಕಡೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹಿಡಿದು ಗಂಗಾಧರಯ್ಯನವರ ಮನೆಗೇ ಹೋದಳು. ಅವರ ಹೆಂಡತಿ ಬಸವಲಿಂಗಮ್ಮ ಮೊರದಲ್ಲಿ ಕೊತ್ತಂಬರಿ ಬೀಜ ಹಸನು ಮಾಡುತ್ತಿದ್ದರು.

‘ಅಮ್ಮ, ನೀವೇ ಮದುವೆ ಮನೆಯೋರು ಅಂದ್ಕೊಂಡು ಏನೇನು ಬೇಕು ಹೇಳಿ, ನಾನು ಬರೀತೀನಿ.’

‘ಯಾರ ಮದುವೆ?’

‘ಯಾರದೋ ಒಂದು.’

‘ಯಾರದೋ ಮದುವೆಗೆ ನಾನ್ಯಾಕೆ ಓಳಿಗೆ ಮಾಡುಸ್ಲಿ? ನಿಂದೇ ಅಂತ ಇಟ್ಕೊ.’

ನೇತ್ರಾಳ ಕೆನ್ನೆ ಕೆಂಪಾಯಿತು. ಮದುವೆಯ ಮಾತೆತ್ತಿದರೆ ಸಿಡಿಯುವವಳು ಅವತ್ತು ಕಾರ್ಯವಾಸಿ ತಾನೇ ಮದುಮಗಳಾಗಲು ಒಪ್ಪಿದಳು. ಹೆಸರು, ಊರು ತುಂಬಿ, ವಿವರದ ಖಾನೆಯಲ್ಲಿ ‘ಅಕ್ಕಿ’ ಎಂದು ಶುರು ಮಾಡಿದ್ದೇ ತಡ, ಬಸವಲಿಂಗಮ್ಮ ಮೊರ ಕೆಳಗಿಟ್ಟರು.

‘ತಡಿ ತಡಿ! ಮೊದ್ಲು ಶ್ರೀ ಆಕು. ಈ ಕಡೆ ಎಲ್ಡು ಗೆರೆ, ಆ ಕಡೆ ಎಲ್ಡು ಗೆರೆ. ಆಮೇಲೆ ಅರಿಶಿನ ಕುಂಕುಮ. ಅಕ್ಕಿ ಅದರ ಕೆಳಗೆ. ಸುಭಕಾರ್ಯದ ಪಟ್ಟೀನ ಕುಂಕುಮ ಇಲ್ದ ಬರೀ ಅಣೇಲಿ ಶುರು ಮಾಡ್ತಾರಾ?’

ನೇತ್ರಾ ‘॥’ ಹುಡುಕುವ ಗೋಜಿಗೆ ಹೋಗದೆ, ಎಲ್ಲರೂ ಮಾಡುವಂತೆ ಕೀಲಿಮಣೆಯ ನಿಂತ ಗೆರೆಯನ್ನೇ ಎರಡೆರಡು ಸಲ ಒತ್ತಿ, ‘||ಶ್ರೀ||’ ಎಂದು ಬರೆದು, ಅರಿಶಿನದಿಂದ ಹೋಳಿಗೆಯವರೆಗೆ ತುಂಬಿ ಕಳಿಸಿದಳು. ನಡುಮನೆಯಿಂದ ಗಂಗಾಧರಯ್ಯನವರ ದನಿ ಬಂತು: ‘ಎಸ್ರು. ಊರು. ಮುಗೀತು.’

‘ಬರಲಿಲ್ಲ! ಬರಲಿಲ್ಲ!’ ಎಂದು ನೇತ್ರಾ ಎದ್ದು ಕುಣಿದಳು.

‘ಕೆಟ್ಟೋದ್ರೆ ಇಂಗೂ ಕುಣೀತಾರಾ?’ ಎಂದು ಬಸವಲಿಂಗಮ್ಮ ಬಾಯಿ ಮೇಲೆ ಬೆರಳಿಟ್ಟುಕೊಂಡರು.

ನಾಲ್ಕು ಖಾನೆಯ ಮಾತನ್ನು ಒಟ್ಟಿಗೆ ಕಟ್ಟಿ ಕಳಿಸುವಾಗ, ಇದು ಇಲ್ಲಿಗೆ ಮುಗಿಯಿತು ಎಂಬ ಗುರುತಿಗೆ ನೇತ್ರಾ ಮಧ್ಯೆ ಮಧ್ಯೆ ಒಂದೊಂದು ನಿಂತ ಗೆರೆ ಇಟ್ಟಿದ್ದಳು. ಚುಕ್ಕಿ, ಅಲ್ಪವಿರಾಮವಾದರೆ ಎಲ್ಲರೂ ಬಳಸುತ್ತಾರೆ, ಈ ಗೆರೆಯನ್ನು ಯಾರು ಬರೆಯುತ್ತಾರೆ ಎಂಬ ಧೈರ್ಯ. ಶ್ರೀಯ ಹಿಂದಿನ ಎರಡು ಗೆರೆ ಬಂದ ಕೂಡಲೇ ಪ್ರೋಗ್ರಾಮು ವಿವರವೂ ಮುಗಿಯಿತು, ನಂಬರೂ ಮುಗಿಯಿತು ಎಂದು ತೀರ್ಮಾನಿಸಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಅನ್ನ, ಸಾರು, ಹೋಳಿಗೆ ಎಲ್ಲ ಬೀದಿಪಾಲು. ಹುಡುಗಾಟಕ್ಕೆ ಬರೆದದ್ದು ಪೂರ್ತಿ ಬರುತ್ತಿತ್ತು, ಭಯಭಕ್ತಿಯಿಂದ ಬರೆದದ್ದು ಅರ್ಧ! ಈ ಗೆರೆಯನ್ನು ಯಾರು ಬರೆಯುತ್ತಾರೆ ಎಂದುಕೊಂಡವಳಾದರೂ ಯಾರು? ಹಾಸನದಲ್ಲಿ ಸಾವಿರಾರು ಲಗ್ನಪತ್ರಿಕೆಗಳ ನೆತ್ತಿಯ ಮೇಲೆ ಶ್ರೀಕಾರದ ಅಕ್ಕಪಕ್ಕ ಗೆರೆಗಳನ್ನು ಕೈಯಾರೆ ಕೂರಿಸಿದ ಮಹಾತಾಯಿ.

ಸರಿಮಾಡಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಆದರೆ ಮಾದಮ್ಮನವರ ನಂಬರು ಹೋದದ್ದು ಹೋಯಿತು, ಎಲ್ಲೂ ಉಳಿದಿರಲಿಲ್ಲ.

‘ನಾಳೆ ಕೊಣನೂರು ಸಂತೆ. ನಂಗೆ ಶಾಂತಿಗ್ರಾಮದಲ್ಲಿ ನಾಮಕರಣದ ಅಡುಗೆ ಐತೆ, ನೀನೇ ಓಗಿ ಬಾ,’ ಎಂದರು ಗಂಗಾಧರಯ್ಯ. ‘ಬಾಳೆಎಲೆ ಮಾರೋರ್ನ ಕೇಳು. ಎಲೆಗೆ ಯೋಳ್ದೆ ಯಾವ ಮದುವೆ ಮನೆ ಇದ್ದದು?’

ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಕೊಣನೂರು ತಲುಪುವವರೆಗೂ ನೇತ್ರಾ ಒಂದೇ ಮಾತನ್ನು ಬಾಯಿಪಾಠ ಮಾಡಿದಳು: ‘ಸರ್ವರ್ ತೊಂದರೆ ಆಗಿತ್ತು.’ ಅದು ಎಂಥ ಒಳ್ಳೆಯ ಮಾತೆಂದರೆ ಯಾರಿಗೂ ಅರ್ಥವಾಗುವುದಿಲ್ಲ, ಎಲ್ಲರೂ ಒಪ್ಪುತ್ತಾರೆ.

ಸಂತೆಯಲ್ಲಿ ಎಲೆ ಮಾರುವ ಕೆಂಪಣ್ಣ, ‘ಈ ಊರಲ್ಲಿ ಯಾವ ಮಾದಮ್ಮ ಅಂತ ಯೋಳ್ಲಿ?’ ಎಂದು ನಕ್ಕ. ಮನೆಯಲ್ಲಿ ಮದುವೆ ಇರುವವರು ಎಂದಾಗ, ‘ಓ, ಅವ್ರಾ! ಮುನ್ನೂರು ಎಲೆಗೆ ಯೋಳವ್ರೆ. ಒಳೆ ಕಡೆ ಓಗು, ಚಪ್ಪರದ ಕಂಬ ನೆಡ್ತಾವ್ರೆ,’ ಎಂದು ದಾರಿ ತೋರಿಸಿದ. ಕಂಬ ಎಂಬ ಮಾತು ಕೇಳಿ ನೇತ್ರಾ ಓಡುನಡಿಗೆಯಲ್ಲೇ ಹೋದಳು.

ಮಾದಮ್ಮ ಸೆರಗು ಸಿಕ್ಕಿಸಿಕೊಂಡು ಕಂಬ ನೆಡುವವರ ಮೇಲೆ ದರ್ಬಾರು ನಡೆಸುತ್ತಿದ್ದರು. ಗಂಗಾಧರಯ್ಯನವರ ಕಡೆಯಿಂದ ಬಂದೆ ಎಂದದ್ದೇ ಅವರ ಮುಖ ಅರಳಿತು.

‘ಬಾ ಮಗಾ, ಕೂತ್ಕೊ. ಫೋನ್ ಬರ್ನಿಲ್ಲ ಅಂತ ನಮ್ಮ ಯಜಮಾನ್ರು ಬೇರೆ ಅಡುಗೆಯೋರ್ನ ನೋಡನ ಅಂತಿದ್ರು. ನಿಶ್ಚಿಂತೆಯಿಂದಿರಿ ಅಂತ ಬರ್ದವ್ರೆ, ಅಂಥೋರು ಮಾತಿಗೆ ತಪ್ಪಕಿಲ್ಲ, ಬಂದೇ ಬತ್ತಾರೆ ಅಂದೆ. ಬೀಗರೂಟಕ್ಕೆ ಬೇರೆಯೋರು ಅವ್ರೆ, ಧಾರೆ ಊಟಕ್ಕೆ ಗಂಗಾಧರಯ್ಯನೋರೇ ಆಗ್ಬೇಕು.’

ಬಾಯಿಪಾಠ ಮಾಡಿದ್ದ ಸರ್ವರ್ ಮಾತನ್ನು ನೇತ್ರಾ ಅಲ್ಲೇ ಕೈಬಿಟ್ಟಳು. ಇಷ್ಟು ನಂಬಿ ಕೂತವರ ಮುಂದೆ ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

‘ಅಮ್ಮ, ನೀವು ಬರೆದಿದ್ದು ಅವರಿಗೆ ಪೂರ್ತಿ ಸಿಕ್ಕೇ ಇಲ್ಲ. ನೀವು ಸರಿಯಾಗೇ ಬರೆದಿದ್ರಿ. ಆ ಫಾರಂ ಮಾಡಿದೋಳು ನಾನು. ತಪ್ಪು ನಂದೇ.’

ಮಾದಮ್ಮ ಕಂಬದ ಕೆಲಸ ಬಿಟ್ಟು ನೇತ್ರಾಳ ಹತ್ತಿರ ಬಂದರು. ‘ಅಯ್ಯೋ! ಗಂಗಾಧರಯ್ಯನೋರ ಓಳಿಗೆ ಅಂತ ಬೀಗರಿಗೆ ಯೋಳ್ಬುಟ್ಟಿದ್ದೀನಲ್ಲವ್ವ. ಅವತ್ತು ಅವ್ರು ಬೇರೆ ಕಡೆ ಒಪ್ಕಂಡಿದ್ರೆ?’

ನೇತ್ರಾ ಫೋನ್ ಮಾಡಿದಳು. ನಾಮಕರಣದ ಅಡುಗೆಯಲ್ಲಿದ್ದ ಗಂಗಾಧರಯ್ಯ ಎತ್ತಲಿಲ್ಲ. ಮತ್ತೆ ಮಾಡಿದಳು, ಊಹೂಂ. ಮದುವಣಗಿತ್ತಿ ಸ್ಪಂದನಾ ಮೊಬೈಲು ತಂದಳು. ‘ಅದೇ ಫಾರಂನಲ್ಲಿ ಇನ್ನೊಂದ್ಸಲ ಕಳ್ಸನ. ಈಗ ಸರಿಯಾಗದೆ ಅಂತೀರಲ್ಲ, ಕೈ ಬಿಡುವಾದಾಗ ನೋಡ್ತಾರೆ.’ ತಾಯಿ ಹೇಳುತ್ತಾ ಹೋದರು, ಮಗಳು ಎರಡು ಗೆರೆ, ಶ್ರೀ, ಎರಡು ಗೆರೆಯಿಂದ ಹಿಡಿದು ಬರೆಯುತ್ತಾ ಹೋದಳು. ಕೊನೆಗೆ ಮಾದಮ್ಮ ಮಗಳ ಕಿವಿಯಲ್ಲಿ ಅದೇನೋ ಹೇಳಿ ಬರೆಸಿದರು. ಒತ್ತಿದರು. ‘ನಿಶ್ಚಿಂತೆಯಿಂದಿರಿ’ ಎಂದಿತು ಫೋನು. ನೇತ್ರಾ ಮಾತ್ರ ಆ ಪದವನ್ನು ನಂಬಲಿಲ್ಲ. ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಪಕ್ಕಕ್ಕಿಟ್ಟು ಕಾದಳು.

ಎರಡು ಕಂಬ ನೆಟ್ಟು ಮೂರನೆಯದಕ್ಕೆ ಗುಂಡಿ ತೋಡುವ ಹೊತ್ತಿಗೆ ಫೋನ್ ಬಡಿದುಕೊಂಡಿತು. ಬಡಿದುಕೊಂಡದ್ದು ನೇತ್ರಾಳದ್ದಲ್ಲ, ಮಾದಮ್ಮನವರದ್ದು. ನಂಬರು ತಲುಪಿತ್ತು!

‘ಮಾದಮ್ಮೋರಾ? ನಾನು ಅಡುಗೆ ಗಂಗಾಧರಯ್ಯ. ಅಂತೂ ಸಿಕ್ಕುದ್ರಲ್ಲ ತಾಯಿ. ನಿಮ್ಮ ಎಸ್ರು ಬಂತು, ಲಗ್ನ ಯಾವತ್ತು ಅಂತ ಗೊತ್ತಾಗ್ನಿಲ್ಲ. ಅದ್ಕೇ ಈ ತಿಂಗಳು ಉಳಿದಿರೋ ಲಗ್ನದಲ್ಲಿ ಒಂದನ್ನೂ ಯಾರಿಗೂ ಒಪ್ಕಳ್ದೆ ಕೂತಿವ್ನಿ.’

ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನೇತ್ರಾ ಮುಖ ಆ ಕಡೆ ತಿರುಗಿಸಿದಳು.

ಗಂಗಾಧರಯ್ಯ ಸೌಟು ಕೈಯಲ್ಲಿದ್ದಂತೆಯೇ ಫೋನಿನಲ್ಲಿ ಪಟ್ಟಿ ಪೂರ್ತಿ ಓದಿ ಹೇಳಿದರು. ಅರಿಶಿನ, ಕುಂಕುಮ, ಅಕ್ಕಿ, ಬೇಳೆ, ಹೋಳಿಗೆ, ಎಲ್ಲ ಬಂದಿತ್ತು. ಕೊನೆಯ ಸಾಲಿಗೆ ಬಂದು ನಿಂತರು. ‘ಮುನ್ನೂರು ಎಲೆ. ಮ್ಯಾಲೊಂದು ಎಲೆ ನೇತ್ರಾಗೆ ಅಂತ ಐತೆ. ಯಾವ ನೇತ್ರಾ? ನಮ್ಮ ನೇತ್ರಾನಾ?’

‘ಊಂ, ನಿಮ್ಮ ನೇತ್ರಾನೇ,’ ಎಂದು ಮಾದಮ್ಮ ಫೋನಿನೊಳಕ್ಕೆ ಕೂಗಿದರು. ‘ಬಂದಾಗಿಂದ ಒಂದು ತೊಟ್ಟು ಮಜ್ಜಿಗೆ ಇಳಿಸಿಲ್ಲ. ಅವತ್ತು ಮೊದಲ ಪಂಕ್ತೀಲೇ ಕೂರ್ಸಿ ನೀವೇ ಬಡಿಸ್ಬೇಕು.’