ಹುಲಿಗೆವ್ವನ ಹಿತ್ತಲಾಚೆಯ ಕಲ್ಲು

ಹುಲಿಗೆವ್ವ, ಆ ಕಲ್ಲನ್ನು ನೀನು ಸರಿಸಲಿಲ್ಲ. ತಪ್ಪು ಜಾಗದಲ್ಲಿ ಬೇಕೆಂದೇ ನೆಡಿಸಿದವನು ನಾನು. ನಿನ್ನ ಮಗ ಯಮನೂರ ಸತ್ತದ್ದು ನನ್ನಿಂದ. ನಿನಗೆ ಓದು ಬಾರದು — ಯಾರಾದರೂ ಇದನ್ನು ಗಟ್ಟಿಯಾಗಿ ಓದಿ ಹೇಳಲಿ, ಓಣಿಯವರೆಲ್ಲ ಕೇಳಲಿ.

ಅದು ನಿಜಾಮರ ಕಾಲ. ನಾನು ಹರೆಯದ ಮೋಜಣಿದಾರ. ತುಂಗಭದ್ರೆಯ ನೆರೆ ಎಲ್ಲಿಯವರೆಗೆ ಏರೀತೆಂದು ಅಳೆಯಲು ಸಾಣಾಪುರದಾಚೆಯ ನಿಮ್ಮ ಊರಿಗೆ ಬಂದಿದ್ದೆ. ಹಿಂದಿನ ಮಹಾಪೂರ ಮುಟ್ಟಿದ ಜಾಗವನ್ನು ಹಿರಿಯರು ಗುಡಿಯ ಮೆಟ್ಟಿಲ ಮೇಲೆ ತೋರಿಸಿದರು. ಮುಕ್ಕಾಲಿಯ ಮೇಲೆ ದುರ್ಬೀನು ಇಟ್ಟು, ಅದೇ ಮಟ್ಟವನ್ನು ಊರಗುಂಟ ಒಯ್ದು, ಅಲ್ಲಲ್ಲಿ ಕಲ್ಲು ನೆಡಿಸುವುದು ನನ್ನ ಕೆಲಸ. ಕಲ್ಲಿನಿಂದ ಹೊಳೆಯ ಕಡೆಗಿದ್ದ ಮನೆಯವರು ಮಳೆಗಾಲಕ್ಕೆ ಮೊದಲು ದಿನ್ನೆಗೆ ಹೋಗಬೇಕು; ಮೇಲಿದ್ದವರು ಇದ್ದಲ್ಲೇ ಇರಬಹುದು.

ಆ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಗಾಜಿನ ಗುಣ ಅದು. ಆದರೆ ನಾನು — ಕೆಲಸದ ಸೊಕ್ಕು, ವಯಸ್ಸಿನ ಕೊಬ್ಬು — ನೀರಿಗೆ ಬಂದ ಹೆಂಗಸರಿಗೆ, "ಇದರಾಗ ನೀವೆಲ್ಲಾ ತಲಿಕೆಳಗ ಕಾಣ್ತೀರಿ, ಸೀರಿ ಹಿಡ್ಕೋರಿ!" ಎಂದು ಕೂಗುತ್ತಿದ್ದೆ. ಅವರು ನಿರಿಗೆ ಹಿಡಿದು ಓಡುವುದನ್ನು ನೋಡಿ ಹಲ್ಲು ಕಿಸಿಯುತ್ತಿದ್ದೆ. ನೀನು ಓಡಲಿಲ್ಲ. ಕೊಡ ಇಳಿಸಿ, ಹೊಳೆಯ ರಾಡಿ ಬಾಚಿ ನನ್ನ ಮುಖಕ್ಕೇ ಎರಚಿದೆ. "ನಿಮ್ಮವ್ವನ್ನೂ ಹಿಂಗ ನೋಡ್ತೀಯೇನೋ, ಭಾಡ್ಯಾ?" ನನ್ನ ಆಳುಗಳೇ ಬಿದ್ದು ಬಿದ್ದು ನಕ್ಕರು.

ಮರುದಿನ ನಿನ್ನ ಮನೆಯ ಸರದಿ. ಅದು ನೆರೆಯ ಮಟ್ಟಕ್ಕಿಂತ ತಗ್ಗಿನಲ್ಲಿತ್ತು, ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ. ಮೇಲಿನ ಸಾಹೇಬರು ನೋಡುತ್ತಾರೆಂದು ನಕ್ಷೆಯಲ್ಲಿ ಸರಿಯಾಗಿಯೇ ಬರೆದೆ. ಕಲ್ಲನ್ನು ಮಾತ್ರ, ನೀವೆಲ್ಲ ಹೊಲಕ್ಕೆ ಹೋಗಿದ್ದಾಗ, ನಿನ್ನ ಹಿತ್ತಲಿನಾಚೆ ಹೊಳೆಯ ಕಡೆಗೆ ನೆಡಿಸಿದೆ. ಪಾತ್ರೆ ಪಡಗ ತೇಲಿಹೋಗಲಿ, ಇವಳ ಸೊಕ್ಕು ಇಳಿಯಲಿ — ಅಷ್ಟೇ ಅಂದುಕೊಂಡದ್ದು. ಅಷ್ಟೇ, ಎಂದು ಬರೆಯಲು ನನಗೆ ನಾಚಿಕೆಯಾಗಬೇಕು.

ಸಂಜೆ ನೀನು ರೊಟ್ಟಿ, ಕಾಳುಪಲ್ಯ ಕಟ್ಟಿಕೊಂಡು ಬಂದೆ. "ಸಿಟ್ಟಿನಾಗ ರಾಡಿ ಉಗ್ಗಿದ್ನಿ, ತಪ್ಪಾತ್ರಿ ಸಾಹೇಬ್ರ. ನಮ್ಮ ಮನಿ ಉಳಿಸಿದ್ರಿ." ಆಗಲಾದರೂ ಹೇಳಬಹುದಿತ್ತು... ನಾನು ರೊಟ್ಟಿ ತಿಂದೆ. ರುಚಿಯಾಗಿತ್ತು.

ಶ್ರಾವಣದಲ್ಲಿ ಹೊಳೆ ಬಂತು. ನಿನ್ನ ಗಂಡ ಹರಗೋಲಿನೊಡನೆ ಆಚೆ ದಡದಲ್ಲಿದ್ದ. ದಿನ್ನೆಗೆ ಹೋದವರು ನಿನ್ನನ್ನೂ ಕೂಗಿದರಂತೆ; ನೀನು, "ಕಲ್ಲು ನಮ್ಮ ಮನಿಯಿಂದ ಆಕಡಿ ಐತಿ, ನಮಗೇನಾಗ್ತೈತಿ?" ಎಂದು ಒಲೆ ಹಚ್ಚಿದೆಯಂತೆ. ನೆನೆದ ಮಣ್ಣಿನ ಗೋಡೆ ಮಲಗಿದ್ದ ಯಮನೂರನ ಮೇಲೆ ಬಿತ್ತು.

ವಿಚಾರಣೆಗೆ ದೊಡ್ಡ ಸಾಹೇಬರು ಬಂದರು. ನಕ್ಷೆಗೂ ಕಲ್ಲಿಗೂ ತಾಳೆಯಾಗಲಿಲ್ಲ. ಏಕೆಂದು ನನ್ನನ್ನು ಕೇಳಿದರು. ಊರೆಲ್ಲ ನಿಂತಿತ್ತು, ನಿನ್ನ ಗಂಡನೂ — ನಾನು ಅಂದೆ, "ಮನಿ ಉಳಿಸ್ಕೊಳ್ಳಾಕ ಕಲ್ಲು ಈಕಿನ ಸರಿಸ್ಯಾಳ್ರಿ." ನನ್ನ ಆಳುಗಳು ಬಾಯಿ ಬಿಡಲಿಲ್ಲ. ನಿನ್ನ ಗಂಡ ನಿನ್ನನ್ನು ಮತ್ತೆ ಮನೆಗೆ ಸೇರಿಸಲಿಲ್ಲವೆಂದು ಆಮೇಲೆ ಕೇಳಿದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ; ನಾನು ಮಾಡಿದ್ದನ್ನು ಉಂಡವಳು ನೀನು. ನಾನು ಅಳತೆಗೆಂದು ಮುಂದಿನ ಊರಿಗೆ ಹೋದೆ.

ಹೋದ ವರ್ಷ ಗಂಗಾವತಿಯ ಸಂತೆಯಲ್ಲಿ ನಿನ್ನನ್ನು ಕಂಡೆ. ನಿನ್ನ ತಲೆ ನರೆತಿತ್ತು, ನೀನು ಸೊಪ್ಪು ಮಾರುತ್ತಿದ್ದೆ. ಹೇಳಿಯೇ ಬಿಡಬೇಕೆಂದು ಎದುರಿಗೆ ಕುಕ್ಕರಿಸಿದೆ. ನಾನು ಬಾಯಿ ತೆರೆಯುವ ಮೊದಲೇ ನೀನು ಗುರುತು ಹಿಡಿದು ಕೈಮುಗಿದೆ.

"ಅವತ್ತ ನೀವು ಖರೇನ ಹೇಳಿದ್ರಿ, ಸಾಹೇಬ್ರ. ಕೂಸಿನ್ನ ತೊಡಿಮ್ಯಾಲೆ ಇಟ್ಕೊಂಡು ಆ ಕಲ್ಲಿನ ಮ್ಯಾಲೆ ದಿನಾ ಕುಂದರ್ತಿದ್ದೆ. ನನ್ನ ಭಾರಕ್ಕ ಸರದಿರಬೇಕು. ನಾನ ಕೊಂದೆ."

ಮೊಣಕಾಲುದ್ದ ಹೂಳಿದ ಕಲ್ಲು, ಕುಳಿತರೆ ಸರಿಯುವುದಿಲ್ಲ. ಅಷ್ಟು ಹೇಳಿದ್ದರೂ ಸಾಕಿತ್ತು. ನಾನು ಮೆಂತ್ಯದ ಸೊಪ್ಪು ಕೊಂಡು ಎದ್ದು ಬಂದೆ.