ಕಣ್ಣಿನ ಮೇಲೆ ಇಟ್ಟ ಆಣೆ

ಮದ್ದೂರಿನಲ್ಲಿ ಮೇಷ್ಟ್ರಾಗಿದ್ದ ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ ನನಗೆ ಇಂಗ್ಲಿಷ್ ಕಲಿಸಲು ಹೊರಟಿದ್ದರು. ಒಂದು ದಿನ ‘ಸ್ವೇರ್’ ಎಂಬ ಮಾತು ಬಂತು. ಆಣೆ ಇಡುವುದಕ್ಕೂ ಅದೇ ಮಾತಂತೆ, ಬಾಯಿಗೆ ಬಂದಂತೆ ಬೈಯುವುದಕ್ಕೂ ಅದೇ ಅಂತೆ. ಇದೇನು ಬಡತನವಪ್ಪಾ ಆ ಜನಕ್ಕೆ ಎಂದು ನಕ್ಕುಬಿಟ್ಟೆ. ನಮ್ಮ ಕಡೆ ಬೈಗುಳವೇ ಒಂದು ಗಾಡಿ, ಆಣೆ ಇನ್ನೊಂದು ಗಾಡಿ. ದೇವರಾಣೆ, ಅವ್ವನಾಣೆ, ನಿನ್ನಾಣೆ, ತಿನ್ನೋ ಅನ್ನದಾಣೆ! ಹಿಂದೆ ಆಣೆ ಎಂದರೆ ಅರಸನ ಅಪ್ಪಣೆ, ‘ಆಜ್ಞೆ’ ಎಂಬುದೇ ಜನರ ಬಾಯಲ್ಲಿ ಸವೆದು ಆಣೆಯಾಯಿತು ಎಂದು ಅವರು ವಿವರಿಸಿದರು. ಇರಬಹುದು. ಅರಸನ ಆಣೆಯನ್ನು ನಾನು ಕಂಡವಳಲ್ಲ. ನಮ್ಮವ್ವ ಮಾಡಿಸಿದ ಆಣೆ ಏನು ಮಾಡುತ್ತದೆ ಎಂಬುದನ್ನು ಮಾತ್ರ ಚೊಚ್ಚಲ ಬಾಣಂತನದಲ್ಲಿ ಕಣ್ಣಾರೆ ಕಂಡೆ.

ತೌರುಮನೆ ಮಳವಳ್ಳಿ ತಾಲ್ಲೂಕು, ಪೂರಿಗಾಲಿಯಿಂದ ಆಚೆ. ಯುದ್ಧದ ಕಾಲ, ಸೀಮೆಎಣ್ಣೆಗೂ ತತ್ವಾರ. ಅವ್ವ ಮತ್ತು ಅವಳ ತಂಗಿ, ಅಂದರೆ ನನ್ನ ಚಿಕ್ಕವ್ವ, ಅಣ್ಣತಮ್ಮಂದಿರನ್ನೇ ಮದುವೆಯಾಗಿ ಬಂದವರು. ಎರಡು ಮನೆಗೂ ಒಂದೇ ನಡುಗೋಡೆ. ಬಾಣಂತಿಗೆ ಸಾರು ಮಾಡಬೇಕೆಂದು ಅವ್ವ ಒಂದು ಕರೀ ಕೋಳಿಯನ್ನು ಮಗುವಿನಂತೆ ಸಾಕಿದ್ದಳು. ಒಂದು ಬೆಳಗ್ಗೆ ಅದು ಗೂಡಿನಲ್ಲಿರಲಿಲ್ಲ. ಅದರ ಪುಕ್ಕ ಚಿಕ್ಕವ್ವನ ತಿಪ್ಪೆಯಲ್ಲಿತ್ತು.

“ನನ್ ಮಗೀಗೆ ಅಂತ ಮಡಗಿದ್ದ ಕೋಳಿ ಕಣೆ! ಎಂಗೆ ಇಳೀತೇ ಗಂಟ್ಲಲ್ಲಿ?” ಎಂದು ಅವ್ವ ಬೀದಿಗೇ ಇಳಿದುಬಿಟ್ಟಳು.

ನಾಯಿಯೋ ಕಾಡುಬೆಕ್ಕೋ ಎಳೆದು ಹಾಕಿರಬಹುದು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಚಿಕ್ಕವ್ವನೂ ಕಡಿಮೆಯವಳಲ್ಲ. ನೇರ ಮಾರಮ್ಮನ ಗುಡಿಗೆ ನಡೆದಳು. ಬಾಣಂತಿ ನಾನು ಹೋಗುವಂತಿರಲಿಲ್ಲ, ನೋಡಿ ಬಂದವರು ಹೇಳಿದರು. ಹೊಸ್ತಿಲ ಮೇಲೆ ಕರ್ಪೂರ ಹಚ್ಚಿ, ಉರಿಯುತ್ತಿರುವಾಗಲೇ ಅಂಗೈಯಲ್ಲಿ ಅಮುಕಿ ಆರಿಸಿ, “ನಾನು ಆ ಕೋಳಿ ತಿಂದಿದ್ರೆ ನನ್ನೆಲ್ಡು ಕಣ್ಣೂ ಓಗ್ಲಿ” ಎಂದಳಂತೆ. ಅವ್ವ ಅಲ್ಲಿಗಾದರೂ ತಂಗಿಯ ಬಾಯಿ ಮುಚ್ಚಿಸಬಾರದಿತ್ತೆ? “ಆಗ್ಲಿ, ನಾನೂ ನೋಡ್ತೀನಿ” ಎಂದಳಂತೆ.

ಹೀಗೆ ಆಣೆ ಬಿದ್ದ ಮೇಲೆ ನಮ್ಮಲ್ಲಿ ಆ ಎರಡು ಮನೆಗಳ ನಡುವೆ ಬೆಂಕಿ, ನೀರು, ಹಾಲು, ಮಜ್ಜಿಗೆ ಯಾವುದೂ ಓಡಾಡುವಂತಿಲ್ಲ. ಕಳವು ಹೊರಿಸಿ ಆಣೆ ಮಾಡಿಸಿದವರೇ ಹೋಗಿ, ಆಣೆ ಇಟ್ಟವರ ಹೊಸ್ತಿಲಿಗೆ ನೀರು ಬಿಟ್ಟು ‘ಆಣೆ ಬುಟ್ಟೆ’ ಎನ್ನಬೇಕು. ಅಲ್ಲಿಯವರೆಗೆ ಒಡಹುಟ್ಟಿದವರೂ ಪರಕೀಯರೇ.

ಆ ವೇಳೆಗೆ ಸೀಮೆಯಲ್ಲೆಲ್ಲ ಕಣ್ಣುಬೇನೆ ಹರಡಿತು. ಹಿಂದಿನ ಬೀದಿಯ ಮಕ್ಕಳಿಗೆಲ್ಲ ಬಂದು ಹೋಗಿತ್ತು. ಆದರೆ ಚಿಕ್ಕವ್ವನ ಕಣ್ಣು ಕೆಂಪಾದದ್ದೇ ತಡ, “ಆಣೆ ತಗುಲ್ತು ನೋಡು” ಎಂದಿತು ಊರು. ಆ ಮಕ್ಕಳೇನು ಕೋಳಿ ಕದ್ದಿದ್ದವೇ? ನನಗೆ ಮೈಯೆಲ್ಲ ಉರಿದುಹೋಯಿತು.

ಮಕ್ಕಳಿಗೆ ಬೇಗ ವಾಸಿಯಾದದ್ದು ಚಿಕ್ಕವ್ವನಿಗೆ ಆಗಲಿಲ್ಲ. ರೆಪ್ಪೆ ಊದಿ, ಕೀವು ಕಟ್ಟಿ, ಕಣ್ಣು ತೆರೆಯದಂತಾಯಿತು. ಚಿಕ್ಕಪ್ಪ ಮಳವಳ್ಳಿ ಆಸ್ಪತ್ರೆಗೆಂದು ಗಾಡಿ ಕಟ್ಟಿದರೆ ಅವಳು ಹತ್ತಲಿಲ್ಲ. ಗೋಡೆಯ ಈಚೆಗೂ ಅವಳ ದನಿ ಕೇಳುತ್ತಿತ್ತು. “ಔಸ್ತಿ ಬುಡುಸ್ಕೊಂಡ್ರೆ, ಕೋಳಿ ತಿಂದೋಳು ಎದ್ರುಕೊಂಡ್ಲು ಅಂತಾರೆ. ನಾ ತಿಂದಿಲ್ಲ. ತಂತಾನೇ ವಾಸಿಯಾಗ್ಬೇಕು.” ಅಯ್ಯೋ ಮೂದೇವಿ, ಕಣ್ಣು ಹೋದ ಮೇಲೆ ಮಾನ ಇಟ್ಟುಕೊಂಡು ಏನು ನೋಡುತ್ತೀಯೆ ಎಂದು ಕೂಗಬೇಕೆನಿಸಿತು.

ಕಣ್ಣುಬೇನೆಗೆ ಬಾಣಂತಿಯ ಎದೆಹಾಲು ಬಿಡುವುದು ಆಗ ಎಲ್ಲರ ಮನೆಯ ಮದ್ದು. ಈಗಿನ ಡಾಕ್ಟರು ಕೇಳಿದರೆ ಬೈದಾರು. ಊರಿನಲ್ಲಿ ಆಗ ಬಾಣಂತಿ ಎಂದರೆ ನಾನೊಬ್ಬಳೇ.

“ಅವ್ವಾ, ಒಸಿ ಆಲು ಕೊಡ್ತೀನಿ, ಓಗಿ ಬುಡು” ಎಂದೆ.

“ಆಣೆ ಬಿದ್ದಿರೋ ಮನೆಗೆ ಆಲು ಓಯ್ತದಾ?”

“ಅಂಗಾದ್ರೆ ಆಣೆ ಬುಡು.”

“ಬುಟ್ರೆ ಊರ್ ಮುಂದೆ ನಾನು ಸುಳ್ಳಿ ಆಯ್ತೀನಿ ಕಣವ್ವ.”

ನನಗೆ ಎಲ್ಲಿತ್ತೋ ಸಿಟ್ಟು. “ಅವ್ಳು ಕುರುಡಿಯಾದ್ರೆ ನೀನು ನಿಜದೋಳು ಆದಂಗಾ? ಆಮ್ಯಾಕೆ ನೀನು ಕೊಡೋ ಸಾರು ನನ್ನ ಗಂಟ್ಲಲ್ಲಿ ಇಳೀತದಾ?” ಎಂದು ಕಿರುಚಿದೆ. ತೊಡೆಯ ಮೇಲಿದ್ದ ಮಗು ಬೆಚ್ಚಿ ಅಳತೊಡಗಿತು. ಅವ್ವ ಒಲೆಯ ಕಡೆ ತಿರುಗಿ ಸೌದೆ ಮುಂದಕ್ಕೆ ತಳ್ಳಿದಳು. ಆಮೇಲೆ ಎದ್ದು, ಮಗುವಿಗೆ ಹಾಲು ಕುಡಿಸುವ ಒಳಲೆಯನ್ನು ತೊಳೆದು ತಂದು ನನ್ನ ಮುಂದೆ ಹಿಡಿದಳು.

ಮಗುವನ್ನು ಎತ್ತಿಕೊಂಡು ನಾನೂ ಹಿಂದೆಯೇ ಹೋದೆ. ಅವ್ವ ತಂಗಿಯ ಹೊಸ್ತಿಲಿಗೆ ಚೊಂಬಿನಿಂದ ನೀರು ಬಿಟ್ಟಳು.

“ಆಣೆ ಬುಟ್ಟೆ ಕಣೆ. ತಿಂದ್ರೆ ತಿಂದೆ, ನೀನೇನು ಬ್ಯಾರೇಯೋಳಾ? ತಕ್ಕೋ, ಆಲು ಬುಡ್ತೀನಿ.”

ಚಿಕ್ಕವ್ವ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ದನಿ ಬಂದ ಕಡೆ ಮುಖ ತಿರುಗಿಸಿ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

“ತಿಂದೋಳ್ಗೆ ಬುಡೋ ಆಲು ನಂಗ್ಬ್ಯಾಡ. ಓಗಕ್ಕ.”

ಅವ್ವನ ಸಿಟ್ಟು ಬಲ್ಲವಳು ನಾನು, ಹಾಲು ಚೆಲ್ಲಿ ಹೊರಟೇಬಿಡುತ್ತಾಳೆ ಎಂದುಕೊಂಡೆ. ಅವಳು ಒಳಗೆ ಹೋಗಿ ತಂಗಿಯ ಪಕ್ಕ ಕೂತಳು.

“ನೀನು ತಿಂದಿಲ್ಲ ಕಣೆ.”

“ಈಗ ಎಂಗೆ ಗೊತ್ತಾಯ್ತು?”

“ಅವತ್ತೇ ಗೊತ್ತಿತ್ತು. ನೀನು ಕೋಳಿ ಕುಯ್ದಿದ್ರೆ ಮೊದ್ಲ ಬಟ್ಲು ಸಾರು ನಮ್ಮನೇಗೇ ಬತ್ತಿತ್ತಲ್ಲೇ.”

ಚಿಕ್ಕವ್ವ ಮುಖದಿಂದ ಕೈ ತೆಗೆದಳು. ಅಕ್ಕನ ತೊಡೆ ಎಲ್ಲಿದೆ ಎಂದು ತಡಕಿ ನೋಡಿ, ಅದರ ಮೇಲೆ ತಲೆಯಿಟ್ಟಳು.